ಕೊಳಲಿನ ಚೀಲದ ಒಟ್ಟೆ

"ಇದನ್ನ್ ಬಿಚ್ಚಿದ್ದ್ ಯಾರ್?"

ಖಾಲಿ ಕೋಣೆಯಲ್ಲಿ ನಿಂತು ಸೌಮ್ಯಶ್ರೀ ಕೇಳಿದ್ದು ಯಾರನ್ನೂ ಅಲ್ಲ. ಅವಳ ಕೈಯಲ್ಲಿ ಕೆಂಪು ಉಣ್ಣೆಯ ಕೊಳಲಿನ ಚೀಲ. ಹೋದ ಶನಿವಾರ ಅವಳು ಇಟ್ಟುಹೋಗುವಾಗ ಅದು ಡೊಂಕಾಗಿತ್ತು, ನಾಲ್ಕು ಕಡೆ ಕುಣಿಕೆ ಜಾರಿ ತೂತುಬಿದ್ದು ಒಟ್ಟೆಯಾಗಿತ್ತು. ಈಗ ನೋಡಿದರೆ ಅಂಗಡಿಯದ್ದರಂತೆ ನೆಟ್ಟಗೆ ಕೂತಿದೆ!

"ನಾನೇ..." ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಸಹಪಾಠಿ ಯತೀಶ ನಕ್ಕ. "ಒಟ್ಟೆ ಇದ್ದಿತ್ತ್. ಬಿಚ್ಚಿ ಮತ್ತೆ ಹೆಣ್ದೆ. ಈಗ ಲಾಯ್ಕ್ ಆಯ್ತಲೆ?"

"ನಿಮ್ಗ್ ಹೇಳದ್ದ್ ಯಾರ್?" ಅವಳ ಕಣ್ಣು ತುಂಬಿತು. "ಡೊಂಕೋ ಸೊಟ್ಟೋ, ಅದ್ ನಾನ್ ಮಾಡದ್ದ್!"

ಅವನ ನಗು ಅಲ್ಲೇ ಒಣಗಿತು.

ತೆಕ್ಕಟ್ಟೆಯಲ್ಲಿ ಅವಳ ಅಣ್ಣಂದಿರ ಹೋಟೆಲು. 'ಇವ್ಳ್ ಕೈಯಗೆ ಎಂತ ಆತ್ತ್' ಎಂಬ ಅವರ ಮಾತು ಕೇಳಿಯೇ ಬೆಳೆದವಳು ಸೌಮ್ಯಶ್ರೀ. ಆರಂಭದಿಂದ ಕೊನೆಯವರೆಗೆ ತಾನೊಬ್ಬಳೇ ಮಾಡಿ ಮುಗಿಸಿದ ಮೊದಲ ವಸ್ತು ಆ ಚೀಲ... ಇವನಿಗೆ ಹೇಗೆ ಗೊತ್ತಾಗಬೇಕು?

ಅಂದಿನಿಂದ ಮರವಂತೆಯ ಯತೀಶನ ಜೊತೆ ಅವಳು ಮಾತು ಬಿಟ್ಟಳು.

ಬಸ್ರೂರಿನ ಆ ಹಳೇ ಮನೆ, ಆ ಶನಿವಾರಗಳು... ಈಗ ನೆನೆದರೂ ಉಣ್ಣೆಯ, ಜೇನುಮೇಣದ ವಾಸನೆ ಬರುತ್ತದೆ. ಕೈಕೆಲಸ, ಕಥೆ, ಹಾಡುಗಳಿಂದಲೇ ಪಾಠ ಕಲಿಸುವ ವಾಲ್ಡಾರ್ಫ್ ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ವಾರಕ್ಕೊಮ್ಮೆ ಬರುತ್ತಿದ್ದವರು ಒಂಬತ್ತು ಮಂದಿ. ವಾರವಿಡೀ ಅವಳು ಕಣ್ಣಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು, ಅವನು ಐಸ್ ಪ್ಲಾಂಟಿನಲ್ಲಿ ದುಡಿಯುವವನು. ಶನಿವಾರ ಬಂತೆಂದರೆ ಇಬ್ಬರೂ ಮಕ್ಕಳು! ಕೊಳಲಿಗೆ ಚೀಲ ಹೆಣೆಯಬೇಕು, ಮೇಣದಲ್ಲಿ ಆಮೆ ಮಾಡಬೇಕು, ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಹೊಳೆ ಹರಿಸಬೇಕು, ಪುಸ್ತಕ ಮುಟ್ಟದೆ ಕಥೆ ಹೇಳಬೇಕು.

ಬೆಳಿಗ್ಗೆ ಎಲ್ಲರೂ ನಿಂತು ಪದ್ಯ ಹೇಳುವಾಗ ಅವಳಿಗೆ ಅಮ್ಮಮ್ಮನ ನೆನಪು. ಮುಸ್ಸಂಜೆ ದೀಪ ಹಚ್ಚಿ ಅಮ್ಮಮ್ಮ ಪದ್ಯ ಹೇಳುತ್ತಿದ್ದರೆ ಅವಳು ಕಂಬಕ್ಕೊರಗಿ ಕೇಳುತ್ತಿದ್ದಳು. ಅರ್ಥವಾಗದಿದ್ದರೂ ಕೈ ತಾನಾಗಿ ಮುಗಿಯುತ್ತಿತ್ತು. ಇಲ್ಲಿ, ಒಂಬತ್ತು ದನಿಗಳ ನಡುವೆ ಅವಳ ಕಿವಿ ಒಂದೇ ದನಿಯನ್ನು ಹುಡುಕುತ್ತಿತ್ತು... ಕೋಪವಿದ್ದದ್ದು ಬಾಯಿಗೆ. ಕಿವಿಗೆ ಇರಲಿಲ್ಲ.

ಮೂರು ವರ್ಷ ಹೀಗೇ ಕಳೆಯಿತು.

ತರಬೇತಿಯ ಕೊನೆಯ ತಿಂಗಳಲ್ಲಿ, ಅವರಿಗೆ ಕಲಿಸುತ್ತಿದ್ದ ಗಿರಿಜಾ ಟೀಚರ್ ಎಲ್ಲರನ್ನೂ ಮರವಂತೆಯ ಕಡಲ ಬದಿಗೆ ಕರೆದೊಯ್ದರು. ಅಲ್ಲಿ ಮೀನುಗಾರ ಕರಿಯಜ್ಜ ಹರಿದ ಬಲೆಯೊಂದನ್ನು ಹೆಣೆಯುತ್ತ ಕೂತಿದ್ದ.

"ನಿಮ್ ಬಲೆಯಾ ಅಜ್ಜ?" ಸೌಮ್ಯಶ್ರೀ ಕೇಳಿದಳು.

"ಅಲ್ಲ ಮಗಾ. ಯಾರದ್ದೋ."

"ಮತ್ತೆ ನೀವ್ ಎಂತಕ್ಕೆ...?"

"ಒಟ್ಟೆ ಕಂಡ್ ಮೇಲೆ ಸುಮ್ನೆ ದಾಂಟಿ ಹೋಪುಕಾತ್ತಾ? ಅದ್ರಗೆ ಯಾರದ್ದ್ ಅಂದ್ ಕೇಂಬುಕೆ ಎಂತ ಇತ್ತ್! ನಮ್ ಯತೀಶನಿಗೂ ಇದನ್ನೇ ಕಲ್ಸದ್ದ್ ನಾನ್."

ಅವಳಿಗೆ ಆ ಕೆಂಪು ಚೀಲ ನೆನಪಾಯಿತು. ಅವಮಾನವಲ್ಲ... ಅದು ಅವನಿಗೆ ಗೊತ್ತಿದ್ದ ಅಕ್ಕರೆ! ಅದಕ್ಕಾಗಿ ಮೂರು ವರ್ಷ ಶಿಕ್ಷೆ ಕೊಟ್ಟೆನಲ್ಲ, ದೇವರೇ...

ಕ್ಷಮೆ ಕೇಳಲು ಬಾಯಿ ಬರುವ ಮೊದಲೇ ಕೊನೆಯ ಶನಿವಾರ ಬಂದೇಬಿಟ್ಟಿತು.

ಬ್ರಹ್ಮಾವರದ ಹೊಸ ಶಾಲೆಯ ಒಂದನೇ ತರಗತಿ ಅವಳದ್ದೆಂದು ಗೊತ್ತಾಗಿತ್ತು. ವಾಲ್ಡಾರ್ಫ್ ಪದ್ಧತಿಯಂತೆ ಅದೇ ಮಕ್ಕಳು, ಅದೇ ಟೀಚರು, ಎಂಟನೇ ತರಗತಿಯವರೆಗೂ. ಅಲ್ಲೇ ಕೈಕೆಲಸ ಕಲಿಸಲು ಯತೀಶನನ್ನೂ ಕರೆದಿದ್ದರು.

"ಅವ ಮೈಸೂರಿನ್ ಶಾಲೆಗ್ ಹೋತ ಅಂಬ್ರ್," ಎಂದರು ಗಿರಿಜಾ ಟೀಚರ್, ಅವಳನ್ನೇ ನೋಡುತ್ತ. "ನಿಂಗ್ ಅವ್ನ್ ಮುಖ ಕಂಡ್ರೆ ಆತಿಲ್ಲೆ ಅಲ್ದಾ? ಎಂಟ್ ವರ್ಷ ಒಟ್ಟಿಗ್ ಹ್ಯಾಂಗ್ ಅಂಬ್ದ್ ಅವ್ನ್ ಚಿಂತೆ. ಇವತ್ ಸಂಜಿ ಒಳ್ಗ್ ಅವ ಮೈಸೂರಿನವ್ರಿಗ್ ಹೇಳ್ಕ್."

ಸೌಮ್ಯಶ್ರೀ ಓಡಿದಳು. ತರಗತಿಯಲ್ಲಿ ಯತೀಶ ಒಬ್ಬನೇ ಬೋರ್ಡು ಒರೆಸುತ್ತಿದ್ದ.

"ಹ್ವಾಯ್..."

ಮೂರು ವರ್ಷದಲ್ಲಿ ಮೊದಲ ಮಾತು! ಅವನ ಕೈಯ ಬಟ್ಟೆ ಕೆಳಗೆ ಬಿತ್ತು.

"ಕರಿಯಜ್ಜ ಎಲ್ಲ ಹೇಳ್ರ್. ನಂದ್ ತಪ್ಪಾಯ್ತ್... ಮೈಸೂರಿಗ್ ಹೋಯ್ಬೇಡಿ."

"ಎಂತಕ್ಕೆ?"

"ಮಕ್ಳಿಗ್ ಹೆಣಿಗೆ ಕಲ್ಸುಕೆ ಜನ ಬೇಕಲೆ..."

"ಮಕ್ಳಿಗ್ ಮಾತ್ರವಾ?"

ಅವಳು ಬಿದ್ದ ಬಟ್ಟೆಯನ್ನೆತ್ತಿ ಅವನ ಕೈಗಿಟ್ಟಳು. "ನಂಗೂ ಬೇಕ್."

ಯತೀಶ ಅವಳನ್ನೇ ನೋಡಿ, ಆಮೇಲೆ ಕಿಟಕಿಯತ್ತ ಮುಖ ತಿರುಗಿಸಿ ಕೂಗಿದ. "ಟೀಚರೇ... ಮೈಸೂರ್ ಬ್ಯಾಡ! ಬ್ರಹ್ಮಾವರ!"

"ಗೊತ್ತಿತ್ತ್ ಮಾರಾಯಾ, ಊರಿಗೆಲ್ಲ ಕೇಂಬುದ್ ಬ್ಯಾಡ!" ಅಂಗಳದಿಂದ ಉತ್ತರ ಬಂತು.

ಇಬ್ಬರೂ ನಕ್ಕರು. ಆಗ ಅವಳ ಕಣ್ಣು ಮೇಜಿನ ಮೇಲಿದ್ದ ಅವನ ಕೊಳಲಿನತ್ತ ಹೋಯಿತು. ಅವಳು ಎಂದೂ ಹತ್ತಿರದಿಂದ ನೋಡಿರದ ಅದರ ನೀಲಿ ಚೀಲದ ನಡುಮಧ್ಯ, ಅಷ್ಟು ಚಂದದ ಹೆಣಿಗೆಯಲ್ಲಿ, ಒಂದು ಒಟ್ಟೆ!

"ನಿಮ್ ಕೈಯಗೂ ಒಟ್ಟೆಯಾ!"

"ನೀವ್ ಮಾತ್ ಬಿಟ್ ದಿನ ಹೆಣ್ದದ್ದ್. ಕಣ್ಣ್ ಮಂಜಾಯ್ತ್, ಒಂದ್ ಕುಣಿಕೆ ಜಾರ್ತ್. ಬಿಚ್ಚುಕೆ ಹೊರ್ಟೆ... 'ಅದ್ ನಾನ್ ಮಾಡದ್ದ್' ಅಂದ್ ನೀವ್ ಹೇಳದ್ದ್ ನೆನಪಾಯ್ತ್. ಹಾಂಗೇ ಬಿಟ್ಟೆ." ಅವನ ದನಿ ತಗ್ಗಿತು. "ಪ್ರತೀ ಶನಿವಾರ ಬಂದದ್ದ್ ಕಲಿಯುಕೆ ಮಾತ್ರ ಅಲ್ಲ ಸೌಮ್ಯ. ನಿಮ್ಮನ್ ಕಾಂಬುಕೆ."

ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಈಗ ನಂಗೂ ಹೆಣೂಕ್ ಬತ್ತ್. ಕೊಡಿ... ಆ ಒಟ್ಟೆ ಮುಚ್ಚಿ ಕೊಡ್ತೆ."

ಯತೀಶ ಚೀಲವನ್ನು ಎದೆಗೊತ್ತಿಕೊಂಡ.

"ಕೊಡ್ತಿಲ್ಲೆ."