ಯಾರೂ ಹೋಗದ ಲಿಫ್ಟ್

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ಕಚೇರಿ ಕಟ್ಟಡವೊಂದರಲ್ಲಿ ನೆಲ ಒರೆಸುವ ಅವಳ ಮಗಳು, ಶನಿವಾರ ಲಿಫ್ಟ್ ಕುಸಿದು ಎರಡೂ ಕಾಲು ಮುರಿದುಕೊಂಡಿದ್ದಳು.

"ಗ್ರಹಚಾರ ಅಂತ ಮಾತ್ರ ಬರೀಬೇಡಿ," ಎಂದಳು. ಇನ್ಸ್‌ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿದರು.

ಲಿಫ್ಟಿನ ಬ್ರೇಕ್ ಕಿರುಗುಟ್ಟುತ್ತಿದೆ ಎಂದು ಕಟ್ಟಡದ ಮೇಲ್ವಿಚಾರಕ ನಿರ್ವಹಣಾ ಕಂಪನಿಗೆ ಮೂರು ಸಲ ಬರೆದಿದ್ದ. ಮೂರು ಸಲವೂ ಒಂದೇ ಉತ್ತರ: ಮೆಕ್ಯಾನಿಕ್ ಪರಿಶೀಲಿಸಿದ್ದಾರೆ, ದೋಷವಿಲ್ಲ. ಮೆಕ್ಯಾನಿಕ್‌ನ ನೆರಳೂ ಆ ಕಡೆ ಸುಳಿದಿರಲಿಲ್ಲ ಎಂದು ಕಾವಲುಗಾರ ಹೇಳಿದ.

ಕಂಪನಿಯ ಕಚೇರಿ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಬಿಲ್ಲು, ಭೇಟಿಯ ದಿನ, ಪತ್ರಗಳಿಗೆ ಉತ್ತರ ಎಲ್ಲವನ್ನೂ ವರ್ಷದಿಂದ ಎಐ ಸಹಾಯಕವೇ ನೋಡಿಕೊಳ್ಳುತ್ತಿತ್ತು.

"ಅದೇ ಬರೆದದ್ದು ಮೇಡಂ. ನಾವ್ಯಾರೂ ಮುಟ್ಟೋದೇ ಇಲ್ಲ," ಎಂದ ಮಾಲೀಕ.

"ಬೇಡಿ ಕೀಬೋರ್ಡಿಗೆ ಹಾಕೋಣವಾ ಮೇಡಂ?" ಎಂದು ಕೇಳಿದ, ಬಾಯಿ ಮುಚ್ಚದ ಕಾರಣಕ್ಕೆ 'ರೇಡಿಯೊ' ಎನಿಸಿಕೊಂಡಿದ್ದ ಕಾನ್‌ಸ್ಟೆಬಲ್.

ಮೇಡಂ ನಗಲಿಲ್ಲ. ಇಬ್ಬರು ಪಂಚಸಾಕ್ಷಿಗಳನ್ನು ಕೂರಿಸಿ, ಅದೇ ಮೇಲ್ವಿಚಾರಕನಿಂದ ಪಕ್ಕದ ಲಿಫ್ಟಿನ ಬಗ್ಗೆ ಹೊಸ ದೂರು ಕಳಿಸಿದರು. ಎಲ್ಲರ ಕಣ್ಣು ಪರದೆಯ ಮೇಲೆ. ಉತ್ತರ ಹೊರಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಹಿರಿಯ ಗುಮಾಸ್ತನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು.

"ತೆಗೀರಿ ಯಜಮಾನ್ರೇ."

ಸಹಾಯಕ ಕೇಳಿತ್ತು: 'ಈ ಲಿಫ್ಟಿಗೆ ಯಾರೂ ಹೋದಂತಿಲ್ಲ. ಏನು ಬರೆಯಲಿ?' ಅದಕ್ಕೂ ಮೇಲೆ, ಹಳೆಯ ತಾರೀಖುಗಳಲ್ಲಿ, ಕುಸಿದ ಲಿಫ್ಟಿನ ಬಗ್ಗೆ ಅದೇ ಪ್ರಶ್ನೆ ಮೂರು ಸಲ. ಗುಮಾಸ್ತನ ಉತ್ತರವೂ ಮೂರು ಸಲ: 'ಮೆಕ್ಯಾನಿಕ್ ಹೋಗಿ ಬಂದ. ದೋಷವಿಲ್ಲ.' ತನ್ನನ್ನು ಕೇಳದೆ ಒಂದು ಕಾಗದವೂ ಹೊರಹೋಗಬಾರದು ಎಂಬುದು ಮೂವತ್ತು ವರ್ಷದ ಅವನ ರೂಢಿ. ಯಂತ್ರಕ್ಕೂ ಅದನ್ನೇ ಕಲಿಸಿದ್ದ. ಮಾಲೀಕ ಬಾಯಿ ತೆರೆದು ನೋಡುತ್ತಿದ್ದ.

"ಮೆಕ್ಯಾನಿಕ್ ಯಾರು?"

"ನನ್ನ ತಮ್ಮ."

"ಯಾಕೆ ಹೋಗ್ಲಿಲ್ಲ?"

"ಹೋದ ವರ್ಷ ಲಿಫ್ಟ್ ಗುಂಡಿಗೆ ಬಿದ್ದು ಬದುಕಿ ಬಂದ. ಈಗ ಇಣುಕಿದ್ರೂ ಕೈ ನಡುಗುತ್ತೆ. ಗೊತ್ತಾದ್ರೆ ಕೆಲಸ ಹೋಗುತ್ತೆ."

"ಇನ್ನೆಲ್ಲಿ ಹೀಗೆ ಬರೆಸಿದ್ದೀರಿ?"

ಗುಮಾಸ್ತ ಫೋನನ್ನು ಜೇಬಿಗೆ ಹಾಕಿಕೊಳ್ಳಲು ಹೋದ.

"ಈ ಕ್ಷಣ ಯಾರೋ ಹತ್ತುತ್ತಾ ಇರ್ತಾರೆ. ಹೇಳಿ."

ಅವನು ನಾಲ್ಕು ಕಟ್ಟಡಗಳ ಹೆಸರು ಹೇಳಿದ. ಮೇಡಂ ಬಂಧನದ ಕಾಗದ ಬದಿಗಿಟ್ಟು ಎದ್ದರು. ಅವನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಮೂರು ಕಡೆ ಲಿಫ್ಟಿನ ವಿದ್ಯುತ್ ಕಡಿಸಿ, ಬಾಗಿಲಿಗೆ ಮೊಹರು ಹಾಕಿಸಿದರು.

ನಾಲ್ಕನೆಯದರಲ್ಲಿ ಲಿಫ್ಟ್ ಆಗಲೇ ನಿಂತಿತ್ತು. ಬಾಗಿಲಿಗೆ ಅಡ್ಡವಾಗಿ ಕುರ್ಚಿ, ಕುರ್ಚಿಯ ಮೇಲೆ ಗಡ್ಡ ಬೆಳೆದ ಒಬ್ಬ. ಶನಿವಾರ ಸಂಜೆಯಿಂದ ಬಂದವರನ್ನೆಲ್ಲ ಮೆಟ್ಟಿಲ ಕಡೆಗೆ ಅಟ್ಟುತ್ತಿದ್ದಾನೆ, ಹುಚ್ಚನಿರಬೇಕು ಎಂದರು ಅಲ್ಲಿನವರು.

"ಮಿಕ್ಕಿದ್ದನ್ನ ಯಾಕೆ ನಿಲ್ಲಿಸ್ಲಿಲ್ಲ?" ಎಂದು ಕೇಳಿದರು ಮೇಡಂ.

"ಹೇಳಿದ್ರೆ ಅಣ್ಣ ಜೈಲಿಗೆ ಹೋಗ್ತಾನೆ. ಹೇಳದೆ ಒಂದಕ್ಕೇ ಅಡ್ಡ ಕೂರೋಕಾಗೋದು."

ಹಿಂದೆ ನಿಂತಿದ್ದ ಗುಮಾಸ್ತ ಏನೂ ಕೇಳಿಸದವನಂತೆ ಮುಂದೆ ಬಂದು, ತಮ್ಮನ ನಡುಗುವ ಕೈ ಹಿಡಿದು ಎಬ್ಬಿಸಿದ. ಆಮೇಲೆ ಬೇಡಿ ಹಾಕಲೆಂದು ತನ್ನ ಕೈಗಳನ್ನು ರೇಡಿಯೊನ ಮುಂದೆ ಚಾಚಿದ.