ಓಗಾವಾ ಸಾಹೇಬರ ಕೊನೆಯ ಬಾಟಲಿ

ಶಾಲೆಯಿಂದ ಬಂದ ರಾಜಮತಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಆಯಿ, ಅಂದರೆ ಅವಳ ಅಜ್ಜಿ ಜಿನಮತಿ, ತಂಬಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಜಪಾನಿನ ಅತಿಥಿ ಓಗಾವಾ ಸಾಹೇಬರ ಬಾಟಲಿ ಬಗ್ಗಿಸುತ್ತಿದ್ದಳು. ಆಗಲೇ ಅರ್ಧ ಖಾಲಿಯಾಗಿತ್ತು.

"ಮುಂಜಾನಿ ಅಕ್ಕಿ ನೀರು ಅಂದೆಲ್ಲ," ಎಂದಳು ಆಯಿ. "ಪರದೇಶದಾಗ ಸೋಸ್ಯಾರೋ ಇಲ್ಲೋ, ಯಾರಿಗ್ಗೊತ್ತು. ನಮ್ಮ ಮನ್ಯಾಗ ಸೋಸಲಾರದ್ದು ಯಾರೂ ಕುಡಿಬಾರದು."

ಅಥಣಿಯ ಆ ಜೈನರ ಮನೆಯಲ್ಲಿ ನೀರಿರಲಿ, ಹಾಲಿರಲಿ, ಬಟ್ಟೆಯಲ್ಲಿ ಸೋಸದೆ ಬಳಸುವಂತಿರಲಿಲ್ಲ. ಕಣ್ಣಿಗೆ ಕಾಣದ ಹುಳಕ್ಕೂ ಜೀವ ಇರುತ್ತದಲ್ಲ. ಅಕ್ಕಿ ನೀರೆಂದು ಸುಳ್ಳು ಹೇಳುವಾಗ ಇದು ರಾಜಮತಿಗೂ ನೆನಪಾಗಲಿಲ್ಲ, ಹೇಳಿಕೊಟ್ಟ ಅವಳ ಅಪ್ಪನಿಗೂ ನೆನಪಾಗಲಿಲ್ಲ.

ಓಗಾವಾ ದೇಶದೇಶ ಸುತ್ತಿ ಜಪಾನಿನ ಕೈಕೆಲಸ ತೋರಿಸುವವರು. ಕೊಲ್ಲಾಪುರದ ಪ್ರದರ್ಶನದಲ್ಲಿ ಅವರ ಪಕ್ಕದ ಮಳಿಗೆಯಲ್ಲಿ ರಾಜಮತಿಯ ಅಪ್ಪ ಭೂಪಾಲ ಒಣದ್ರಾಕ್ಷಿ ಮಾರುತ್ತಿದ್ದ. ದೋಸ್ತಿಯಾಗಿ ಮನೆಗೇ ಕರೆತಂದಿದ್ದ. ಜಪಾನಿನವರು ಟೇಪ್‌ರೆಕಾರ್ಡರ್ ತೋರಿಸುತ್ತಾರೆಂದು ಓಣಿಯ ಹುಡುಗರು ಕಾದದ್ದೇ ಬಂತು. ಪೆಟ್ಟಿಗೆಯಿಂದ ಹೊರಬಂದದ್ದು ಕಾಗದದ ಛತ್ರಿ, ಮಣ್ಣಿನ ಬಟ್ಟಲು ಮತ್ತು ಈ ಬಾಟಲಿ.

ಬಾಟಲಿಯಲ್ಲಿದ್ದದ್ದು ಅಕ್ಕಿಯಿಂದ ಮಾಡಿದ ದಾರು, ಅಂದರೆ ಮದ್ಯ. ಅದರ ಹೆಸರು ಸಾಕೆ. ಓಗಾವಾ ಅವರ ಅಪ್ಪನೇ ಮಾಡಿದ್ದು. ಮುಂಬೈಯ ದೊಡ್ಡ ಹೋಟೆಲಿನವರಿಗೆ ರುಚಿ ತೋರಿಸಲು ಉಳಿದದ್ದು ಇದೊಂದೇ. ತಣ್ಣಗಿರಲೆಂದು ಅದನ್ನು ನೀರಿನ ಕೊಡಗಳ ಹಿಂದೆ ಇಡಿಸಿದ ಭೂಪಾಲ, ಆಯಿ ಕೇಳಿದರೆ ಅಕ್ಕಿ ನೀರು ಅನ್ನು ಎಂದು ಮಗಳಿಗೆ ಹೇಳಿಕೊಟ್ಟು, ತಾನು ಸಾಹೇಬರ ಜೊತೆ ದ್ರಾಕ್ಷಿ ತೋಟಕ್ಕೆ ಪಾರಾಗಿದ್ದ. ಭಾರಿ ಶಾಣ್ಯಾ!

ಆಯಿ ಮೂಗು ಮುರಿದಳು. "ಹಳಸಿ ನಾರಾಕತ್ತೈತಿ. ಚೆಲ್ಲಿ ಬರ್ತೀನಿ."

ತಂಬಿಗೆ ಎತ್ತಿಕೊಂಡು ಹಿತ್ತಿಲ ಕಡೆ ನಡೆದೇಬಿಟ್ಟಳು. ರಾಜಮತಿ ಹಿಂದೆಯೇ ಓಡಿದಳು. ಸುಮ್ಮನಿದ್ದರೆ ಸಾಹೇಬರ ಕೊನೆಯ ಬಾಟಲಿ ಗಟಾರದ ಪಾಲು. ಬಾಯಿ ಬಿಟ್ಟರೆ? ನಿನ್ನೆಯ ಹುಳಿ ಹಿಟ್ಟನ್ನೇ ಒಳಗೆ ಬಿಡದ ಆಯಿ ಇವಳು.

"ಚೆಲ್ಲಬ್ಯಾಡ, ಆಯಿ. ಅದು ದಾರು."

ಆಯಿ ನಿಂತಲ್ಲೇ ನಿಂತಳು. ಪಾಪ, ತಂಬಿಗೆಯನ್ನು ಒಳಗೆ ಇಳಿಸುವಂತಿಲ್ಲ, ಕೈಯಲ್ಲಿ ಹಿಡಿಯುವಂತೆಯೂ ಇಲ್ಲ. ತೋಳನ್ನು ಆದಷ್ಟು ದೂರ ಚಾಚಿದಳು. ರಾಜಮತಿ ಅಳುತ್ತ ಇದ್ದದ್ದನ್ನೆಲ್ಲ ಹೇಳಿದಳು.

"ಅವ್ರಪ್ಪ ಸ್ವಂತ ಮಾಡಿದ್ದೇನು?"

"ಹೂಂ. ಚಳಿಗಾಲ ಪೂರಾ ನಿದ್ದಿಗೆಟ್ಟು ಮಾಡ್ತಾರಂತ."

ಆಯಿ ಹಿತ್ತಿಲಿಗಿಳಿದು, ಚೆಲ್ಲದೆ ತಂಬಿಗೆಯನ್ನು ಕಲ್ಲಿನ ಮೇಲಿಟ್ಟಳು. ಆಮೇಲೆ ಬಾಟಲಿಯನ್ನೂ ಲಾಳಿಕೆಯನ್ನೂ ಹಿತ್ತಿಲಿಗೆ ತರಿಸಿದಳು. ಸೋಸಿದ್ದು, ಸೋಸದ್ದು ಬೆರೆಸುವುದು ಸರಿಯಲ್ಲವೆಂದು ಮೊದಲು ಉಳಿದರ್ಧವನ್ನೂ ಸೋಸಿದಳು. ಸೆರಗಿನಿಂದ ಮೂಗು ಮುಚ್ಚಿ, ಮುಖ ಆಚೆ ತಿರುಗಿಸಿ, ರಾಜಮತಿ ಹೇಳಿದಂತೆ ಕೈ ಅತ್ತಿತ್ತ ಸರಿಸುತ್ತ ಎಲ್ಲವನ್ನೂ ಬಾಟಲಿಗೆ ತಿರುಗಿ ಸುರಿದಳು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ತೋಟದಿಂದ ಬಂದ ಓಗಾವಾ ಅವರಿಗೆ ರಾಜಮತಿ ತನಗೆ ಬರುವ ಇಂಗ್ಲಿಷಿನಲ್ಲಿ, "ಆಯಿ ಫಿಲ್ಟರ್. ಸಾರಿ," ಎಂದಳು. ಅವರು ಗೇಟಿನಾಚೆ ಹೋಗಿ, ಬಟ್ಟಲಿಗೆ ಗುಟುಕಿನಷ್ಟು ಹಾಕಿ ರುಚಿ ನೋಡಿ ನಕ್ಕರು. ಏನೂ ಕೆಟ್ಟಿಲ್ಲ, ತಮ್ಮಪ್ಪನೂ ಬಟ್ಟೆಯ ಚೀಲದಲ್ಲೇ ಇದನ್ನು ಸೋಸುತ್ತಾರೆ ಎಂದರು. ಭೂಪಾಲ ಅದನ್ನು ಆಯಿಗೆ ಕನ್ನಡದಲ್ಲಿ ತಿಳಿಸಿ ಹೇಳಿದ.

"ಬಟ್ಟಿ ಸ್ವಚ್ಛ ತೊಳೀತಾರೇನು, ಕೇಳು," ಎಂದಳು ಆಯಿ.

ತೊಳೆಯುತ್ತಾರಂತೆ. ಆಯಿಗೆ ಸಮಾಧಾನವಾಯಿತು.

ಭೂಪಾಲನಿಗೆ ಮಾತ್ರ ಅವಳು ಏನನ್ನೂ ಕೇಳಲಿಲ್ಲ. ಅವನು ಮಾಡಿನ ಜಂತಿ ನೋಡುತ್ತ ಕುಳಿತ. ಆಯಿ ತಲೆಗೆ ಸ್ನಾನ ಮಾಡಿ, ತೊಳೆದ ಸೀರೆಯುಟ್ಟು ಬಸದಿಗೆ ಹೊರಟಳು. ದಿನವೂ ಜೊತೆಗೆ ಹೋಗುವ ರಾಜಮತಿ ಇಂದು ಹೆದರಿ ಬಾಗಿಲ ಹಿಂದೆ ನಿಂತಿದ್ದಳು.

"ನೀ ಬಾ," ಎಂದಳು ಆಯಿ.

ಭೂಪಾಲನೂ ಎದ್ದ.

"ನೀ ಅಲ್ಲ."

ರಾಜಮತಿ ಅಪ್ಪನ ಮುಖ ನೋಡಿದಳು. ಆಯಿಗೆ ಸಿಟ್ಟು ಬಂದದ್ದು ಬಾಟಲಿಯ ಮೇಲಲ್ಲ, ಸುಳ್ಳು ಹೇಳಿಕೊಟ್ಟದ್ದರ ಮೇಲೆ ಎಂದು ಅವಳಿಗೆ ಆಗ ತಿಳಿಯಿತು. ಓಡಿಹೋಗಿ ಆಯಿಯ ಕೈ ಹಿಡಿದುಕೊಂಡಳು.