ಮೂರು ಸಲ ತಪ್ಪಿದ ಉಂಗುರ

"ಅಯ್ಯೋ, ಹಾಗೆ ಎಳೀಬೇಡ್ರೀ! ಹರಿದು ಹೋಗುತ್ತೆ!"

ಪುಸ್ತಕ ಕಟ್ಟುವ ಕೋಣೆಯಲ್ಲಿ ಎಂಟು ಹೆಂಗಸರ ಸೂಜಿಗಳು ಒಮ್ಮೆಲೇ ನಿಂತವು. ಕೂಗಿದವನು ಬಾಗಿಲಲ್ಲಿದ್ದ. ಉದ್ದನೆಯ ಆಳು, ಬೆರಳ ತುದಿಗಳೆಲ್ಲ ಕಪ್ಪು, ಮುಖದಲ್ಲಿ ಮಗುವನ್ನು ಆಪರೇಷನ್ನಿಗೆ ಕಳಿಸಿದ ತಂದೆಯ ಕಳವಳ.

ದಾರ ಎಳೆಯುತ್ತಿದ್ದವಳು ತಲೆ ಎತ್ತಲಿಲ್ಲ. ಆ ಹಳೆಯ ಪುಸ್ತಕದ ಬೆನ್ನಿನಿಂದ ಮತ್ತೊಂದು ದಾರ ಕಿತ್ತಳು.

"ಹರಿದಿದೆ ಅಂತ ತಾನೇ ಇಲ್ಲಿಗೆ ತಂದಿರೋದು? ಹಳೇ ಹೊಲಿಗೆ ಬಿಚ್ಚದೆ ಹೊಸದು ಹಾಕೋಕೆ ನಾನೇನು ಮಂತ್ರವಾದೀನಾ?"

"ಅದು ನಮ್ಮಪ್ಪ ಬರೆದಿಟ್ಟಿದ್ದು ರೀ. ನಮ್ಮ ಹತ್ರ ಉಂಗುರ ಮಾಡಿಸಿದ ಒಬ್ಬೊಬ್ಬರ ಬೆರಳಿನ ಅಳತೆನೂ ಇದೆ. ಒಂದು ಹಾಳೆ ಹೋದ್ರೆ ಇಪ್ಪತ್ತು ಜನರ ಬೆರಳು ಹೋದ ಹಾಗೆ!"

"ಹುಷಾರು ಕಣೇ," ಎಂದಳು ಪಕ್ಕದ ಮಣೆಯವಳು, "ರಕ್ತ ಗಿಕ್ತ ಬಂದೀತು!"

ಇಡೀ ಕೋಣೆ ನಕ್ಕಿತು. ಅವನು ಮಾತ್ರ ನಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅವಳೆದುರು ಕೂತುಬಿಟ್ಟ. ಎರಡು ಗಂಟೆ! ಅವಳ ಸೂಜಿ ಹಾಳೆಗಳ ಮಡಿಕೆಯೊಳಗೆ ಹೋಗಿ ಬರುವುದನ್ನು ಕಣ್ಣು ಮಿಟುಕಿಸದೆ ನೋಡಿದ.

ಪುಸ್ತಕ ಕೈಗೆ ಬಂದಾಗ ಮೆಲ್ಲನೆ ಹೇಳಿದ, "ನಮ್ಮಪ್ಪನ್ನ ಬಿಟ್ರೆ ಇಷ್ಟು ಅಲುಗಾಡದ ಕೈ ನಾನು ಇನ್ಯಾರದ್ದೂ ನೋಡಿಲ್ಲ."

ಅವನು ಅಕ್ಕಸಾಲಿಗ. ಎರಡು ಬೀದಿ ಆಚೆ, ಗಡಿಯಾರದಂಗಡಿಯ ಮಹಡಿಯ ಮೇಲೆ ಅವನ ಕೆಲಸದ ಕೋಣೆ. ತಂದೆ ತಾಯಿ ಇಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಚಿಕ್ಕಮ್ಮ. ಇವಳಿಗೂ ಅಕ್ಕ ಒಬ್ಬಳೇ ದಿಕ್ಕು, ಇರುವುದು ಅಕ್ಕನ ಮನೆಯಲ್ಲೇ.

ಆಮೇಲಾಮೇಲೆ ಅವನಿಗೆ ವಾರಕ್ಕೊಂದು ಪುಸ್ತಕ ಹರಿಯತೊಡಗಿತು! ಕಡೆಗೆ ಹರಿಯಲು ಪುಸ್ತಕವೇ ಉಳಿಯದಿದ್ದಾಗ ಬರಿಗೈಯಲ್ಲಿ ಬಂದ. ಅವನು ಅವಳನ್ನು 'ಸೂಜಿ' ಎಂದ, ಅವಳು ಅವನನ್ನು 'ಅಳತೆರಾಯ' ಎಂದಳು. ಮದುವೆಯ ಮಾತು ಬಂದ ದಿನ ಅವನು ಅವಳ ಎರಡೂ ಕೈ ಹಿಡಿದು ಹೇಳಿದ್ದ:

"ನಿಜ ಹೇಳ್ಲಾ? ನಾನು ಮೊದಲು ಇಷ್ಟಪಟ್ಟಿದ್ದು ಈ ಕೈಗಳನ್ನ. ನೀನು ಆಮೇಲೆ ಜೊತೆಗೆ ಬಂದೆ."

ಆಗ ಅವಳು ನಕ್ಕಿದ್ದಳು. ಅದೇ ಮಾತು ಮುಂದೆ ತನ್ನನ್ನು ಹಿಂಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

* * *

ಅದು ಒಂದು ಬೆಳಗ್ಗೆ ಶುರುವಾಯಿತು. ಎದ್ದಾಗ ಬೆರಳುಗಳನ್ನು ಮಡಚಲೇ ಆಗಲಿಲ್ಲ. ಗೆಣ್ಣುಗಳು ಊದಿಕೊಂಡು ಬಿಸಿಯಾಗಿದ್ದವು. ಹಲ್ಲುಜ್ಜುವ ಬ್ರಷ್ಷನ್ನು ಎರಡೂ ಅಂಗೈ ನಡುವೆ ಹಿಡಿಯಬೇಕಾಯಿತು. ಹತ್ತು ಗಂಟೆಯ ಹೊತ್ತಿಗೆ ಸಡಿಲವಾಯಿತು, ಸಂಜೆಗೆ ಏನೂ ಆಗಿಯೇ ಇಲ್ಲವೆಂಬಂತೆ ಇಳಿದೂ ಹೋಯಿತು.

ಮರುದಿನ ಮತ್ತೆ. ಅದರ ಮರುದಿನವೂ.

ರಕ್ತಪರೀಕ್ಷೆ ನೋಡಿದ ಡಾಕ್ಟರಮ್ಮ ಸಂಧಿವಾತ ಎಂದರು.

"ಅದು ವಯಸ್ಸಾದವರಿಗೆ ಅಲ್ವಾ ಡಾಕ್ಟ್ರೇ? ನನಗಿನ್ನೂ ಇಪ್ಪತ್ತೇಳು…"

"ಇದು ಬೇರೆ ಥರದ್ದಮ್ಮ, ವಯಸ್ಸು ಕೇಳಲ್ಲ. ಮಾತ್ರೆ ಬಿಡದೆ ತಗೊಂಡ್ರೆ ಹಿಡಿತದಲ್ಲಿ ಇಡಬಹುದು. ಬಿಗಿ ಉಂಗುರ ಮಾತ್ರ ಬೇಡ. ಊದಿದಾಗ ಬೆರಳಲ್ಲೇ ಸಿಕ್ಕಿಕೊಂಡ್ರೆ ಕತ್ತರಿಸಿ ತೆಗೀಬೇಕಾಗುತ್ತೆ. ಸ್ಪೋರ್ಟ್ಸ್ ಸಾಮಾನಿನ ಅಂಗಡೀಲಿ ಮೆತ್ತನೆ ರಬ್ಬರಿನ ಉಂಗುರ ಸಿಗುತ್ತೆ, ಹಿಗ್ಗುತ್ತೆ, ಕುಗ್ಗುತ್ತೆ. ಬೇಕಾದ್ರೆ ಅದನ್ನ ಹಾಕ್ಕೋ."

ಬೇಕಾದರೆ! ಅವಳು ಮದುವೆಯಾಗುತ್ತಿರುವುದು ಅಕ್ಕಸಾಲಿಗನನ್ನು ಎಂದು ಡಾಕ್ಟರಮ್ಮನಿಗೆ ಹೇಗೆ ಗೊತ್ತಾಗಬೇಕು?

ಅಕ್ಕ ಕೇಳಿ ಅಳುತ್ತಲೇ ಹೇಳಿದಳು, "ಈಗ ಬಾಯಿ ಬಿಡಬೇಡ ಕಣೇ. ಮದುವೆ ಆದ್ಮೇಲೆ ಹೇಳಿದ್ರಾಯ್ತು."

ಅವಳು ಬಾಯಿ ಬಿಡಲಿಲ್ಲ. ಬೆಳಗಿನ ಹೊತ್ತು ಅವನಿಗೆ ಸಿಗದಂತೆ ನೋಡಿಕೊಂಡಳು.

ಆದರೆ ಉಂಗುರದಿಂದ ತಪ್ಪಿಸಿಕೊಳ್ಳಲಾಗುತ್ತದೆಯೇ?

ಮೊದಲ ಉಂಗುರದ ಅಳತೆಯನ್ನು ಅವನು ಒಂದು ಸಂಜೆ ತೆಗೆದುಕೊಂಡ. ಮಾಡಿ ಮುಗಿಸಿದವನಿಗೆ ತಡೆಯಲಾಗದೆ ಬೆಳಗ್ಗೆ ಏಳಕ್ಕೇ ಅಕ್ಕನ ಮನೆಗೆ ಓಡಿಬಂದ. ಅದು ಗೆಣ್ಣು ದಾಟಲಿಲ್ಲ.

"ಅರೆ! ಖುಷೀಲಿ ಉಬ್ಬಿಹೋಗಿದ್ದೀಯ ನೀನು!" ಎಂದು ನಕ್ಕು, ಅಲ್ಲೇ ಮತ್ತೆ ಅಳತೆ ತೆಗೆದುಕೊಂಡು ಹೋದ.

ಎರಡನೆಯದನ್ನು ಸಂಜೆ ಒಂದು ಹೋಟೆಲಿನಲ್ಲಿ ತೊಡಿಸಿದ. ಕೈ ಕೆಳಗಿಳಿಸುತ್ತಲೇ ಅದು ಜಾರಿ, ನೆಲದ ಮೇಲೆ ಉರುಳುತ್ತಾ ಪಕ್ಕದ ಮೇಜಿನಡಿ ಹೋಯಿತು. ಅವನು ಮಂಡಿಯೂರಿ ಅಪರಿಚಿತರ ಕಾಲುಗಳ ನಡುವೆ ಹುಡುಕಿದ. ಈ ಸಲ ನಗಲಿಲ್ಲ.

ಮೂರನೆಯದನ್ನು ಎರಡು ಅಳತೆಗಳ ನಡುವೆ ಹಿಡಿದು ಮಾಡಿದ. ಒಂದು ಭಾನುವಾರ ಬೆಳಗ್ಗೆ, ಎರಡೂ ಮನೆಯವರು ಕೂತಿದ್ದಾಗ ತೊಡಿಸಲು ಬಂದ. ಗೆಣ್ಣಿನ ಹತ್ತಿರ ನಿಂತಿತು. ಒತ್ತಿದ. ಪ್ರಾಣ ಹೋದಂತಾಗಿ ಅವಳು ಚೀರಿದಳು.

"ಏನೋ ಇದು?" ಚಿಕ್ಕಮ್ಮ ತಮಾಷೆಗೆಂದೇ ಹೇಳಿದಳು. "ಈ ಹುಡುಗಿ ಬೆರಳು ನೋಡಿ ಮಾಡಿದ್ಯೋ, ಇನ್ಯಾರದ್ದೋ ನೋಡಿ ಮಾಡಿದ್ಯೋ?"

ಯಾರೂ ನಗಲಿಲ್ಲ. ಅವನು ಉಂಗುರವನ್ನು ಬೆಳಕಿಗೆ ಹಿಡಿದು ನೋಡುತ್ತಾ ಗೊಣಗಿದ, "ಹನ್ನೆರಡು ವರ್ಷದಲ್ಲಿ ಒಂದೂ ತಪ್ಪಿಲ್ಲ… ಇದು ಹೇಗೆ…"

ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಇನ್ನೇನು ಯಾರಾದರೂ ಕೇಳಿಯೇಬಿಡುತ್ತಾರೆ! ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು, ಗಾಬರಿಯಲ್ಲಿ ಅವಳು ಅಂದುಬಿಟ್ಟಳು:

"ಅಳೆಯೋವಾಗ ನೀನೇ ತಪ್ಪಿರ್ಬೇಕು."

ಅವನು ಅವಳನ್ನು ನೋಡಿದ. ಉಂಗುರವನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಅವಳು ಬೂದು ಬಣ್ಣದ ರಬ್ಬರಿನ ಉಂಗುರವೊಂದನ್ನು ಕೊಂಡು ಅವನ ಕೋಣೆಗೆ ಹೋದಳು.

"ನನಗೆ ಇದೇ ಸಾಕು. ಹಾಯಾಗಿರುತ್ತೆ. ಇನ್ನು ನೀನು ತಲೆ ಕೆಡಿಸ್ಕೋಬೇಡ."

ಅವನು ಅದನ್ನು ಚಿಮಟದಲ್ಲಿ ಎತ್ತಿ ಹಿಡಿದ. "ಇದೇನು, ನಲ್ಲಿಗೆ ಹಾಕೋ ವಾಷರ್ರಾ?"

"ಅಳತೆರಾಯ…"

"ಹಾಗೆ ಕರೀಬೇಡ. ನನ್ನ ಕೆಲಸದ ಮೇಲೆ ನಂಬಿಕೆ ಹೋಯ್ತು ಅಂತ ನೇರವಾಗಿ ಹೇಳು. ಅಥವಾ ನನ್ನ ಮೇಲೇ ಮನಸ್ಸು ಹೋಗಿದ್ರೆ ಅದನ್ನಾದ್ರೂ ಹೇಳು. ಇದನ್ನ ಮಾತ್ರ ನನ್ನ ಮೇಜಿನ ಮೇಲೆ ಇಡಬೇಡ!"

ಹೇಳು… ಈಗಲಾದರೂ ಹೇಳು… ಎಂದಿತು ಮನಸ್ಸು. ಆದರೆ ಕಿವಿಯಲ್ಲಿ ಇನ್ನೊಂದು ಮಾತೇ ಮೊಳಗುತ್ತಿತ್ತು. ನಾನು ಮೊದಲು ಇಷ್ಟಪಟ್ಟಿದ್ದು ಈ ಕೈಗಳನ್ನ. ನಾಳೆ ಇವು ಸೊಟ್ಟಗಾದರೆ? ಅವನು ಉಳಿದರೂ ಬರೀ ಕನಿಕರಕ್ಕೆ ಉಳಿದರೆ?

ಅವಳು ರಬ್ಬರಿನ ಉಂಗುರವನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಅವನು ಕರೆಯಲಿಲ್ಲ. ಮದುವೆ ನಿಂತುಹೋಯಿತು.

* * *

ನಾಲ್ಕು ತಿಂಗಳು. ಅವಳು ಮಾತ್ರೆ ನುಂಗಿದಳು, ಮಧ್ಯಾಹ್ನದ ಪಾಳಿ ಕೇಳಿ ಪಡೆದಳು. ಕೈ ಸ್ವಲ್ಪ ಸುಧಾರಿಸಿತು. ಎದೆ ಮಾತ್ರ ಸುಧಾರಿಸಲಿಲ್ಲ. ಬಾಗಿಲಲ್ಲಿ ಉದ್ದನೆಯ ನೆರಳು ಬಿದ್ದರೆ ಸಾಕು, ಸೂಜಿ ತಪ್ಪಿ ಬೆರಳಿಗೆ ಚುಚ್ಚುತ್ತಿತ್ತು.

ಒಂದು ದಿನ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವಳು ಅವನ ಚಿಕ್ಕಮ್ಮ! ಏಳಲು ನೋಡಿದಳು. ಚಿಕ್ಕಮ್ಮ ಸೆರಗು ಹಿಡಿದೆಳೆದು ಕೂರಿಸಿದಳು.

"ಓಡಬೇಡ ಕೂತ್ಕೋ. ನಾನೇನು ನಿನ್ನ ತಿನ್ನಲ್ಲ."

"ಹೇಗಿದ್ದಾರೆ ಅವರು?"

"ಹೇಗಿರ್ತಾನೆ… ಕೆಲಸದ ಮೇಜಿಗೆ ಬಟ್ಟೆ ಹೊದಿಸಿಬಿಟ್ಟಿದ್ದಾನೆ. ಈಗ ಕೆಳಗಡೆ ಅಂಗಡೀಲಿ ಗಡಿಯಾರದ ಬೆಲ್ಟು ಮಾರ್ತಾನೆ."

"ಬೆಲ್ಟಾ? ಯಾಕೆ?"

"ಮೂರು ಸಲ ತಪ್ಪಿದ ಕೈ ಅಂತೆ. ಕಣ್ಣಿನ ಡಾಕ್ಟರ ಹತ್ರ ಎರಡು ಸಲ ಹೋಗಿಬಂದ. ಕಣ್ಣು ಸರಿಯಿದೆ ಅಂದ್ರೆ ನಂಬಲ್ಲ. 'ಚಿಕ್ಕಮ್ಮ, ಎಲ್ಲರಿಗಿಂತ ಹೆಚ್ಚು ಗಮನ ಇಟ್ಟು ಅಳೆದ ಬೆರಳನ್ನೇ ತಪ್ಪಿದೆ, ಇನ್ನು ಯಾರದ್ದನ್ನ ಸರಿಯಾಗಿ ಅಳೀಲಿ' ಅಂತಾನೆ." ಚಿಕ್ಕಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು. "ನೀನು ಬಿಟ್ಟುಹೋಗಿದ್ದಕ್ಕೆ ನಾನು ಬೈಯಲ್ಲಮ್ಮ. ಮನಸ್ಸು ಯಾರ ಮಾತು ಕೇಳುತ್ತೆ? ಆದ್ರೆ ಅವನ ಕಸುಬನ್ನಾದ್ರೂ ಬಿಟ್ಟು ಹೋಗಬೇಕಿತ್ತು."



ಅಯ್ಯೋ! ನಾನು ಮುಚ್ಚಿಟ್ಟದ್ದು ನನ್ನ ಕೈಯನ್ನು… ಕಳೆದುಹೋಗಿದ್ದು ಅವನ ಕೈ!

* * *

ಮರುದಿನ ಬೆಳಗ್ಗೆ ಎಂಟಕ್ಕೆ, ಅವನಿಗೆ ಸಿಗದಂತೆ ತಪ್ಪಿಸಿಕೊಳ್ಳುತ್ತಿದ್ದ ಹೊತ್ತಿನಲ್ಲೇ, ಅವಳು ಗಡಿಯಾರದಂಗಡಿಯ ಮುಂದೆ ನಿಂತಿದ್ದಳು. ರವಿಕೆಯ ಕೊನೆಯ ಗುಂಡಿಯನ್ನು ಅಕ್ಕನೇ ಹಾಕಿಕೊಟ್ಟಿದ್ದಳು. "ಹೇಳ್ಬಿಡು ಹೋಗು. ತಪ್ಪು ಬುದ್ಧಿ ಕೊಟ್ಟವಳು ನಾನೇ," ಎಂದು ಬಾಗಿಲವರೆಗೂ ಬಂದಿದ್ದಳು.

ಅಂಗಡಿ ತೆರೆಯಲು ಬಂದ ಅವನು ಅವಳನ್ನು ಕಂಡು ಅಲ್ಲೇ ನಿಂತ. ತುಂಬ ಸೊರಗಿದ್ದ. ಬೆರಳ ತುದಿಗಳು ಬೆಳ್ಳಗಾಗಿದ್ದವು. ಅದನ್ನು ನೋಡಿಯೇ ಅವಳ ಕಣ್ಣು ತುಂಬಿತು.

"ನನ್ನ ಬೆರಳು ಅಳೀಬೇಕು."

"ನಾನು ಅಳೆಯೋದು ಬಿಟ್ಟಿದ್ದೀನಿ."

"ನಿನ್ನ ಅಳತೆ ಒಂದು ಸಲಾನೂ ತಪ್ಪಿಲ್ಲ!" ಮಾತು ಕಟ್ಟೆಯೊಡೆಯಿತು. "ತಪ್ಪಿದ್ದು ನನ್ನ ಬೆರಳು. ಬೆಳಗ್ಗೆ ಊದುತ್ತೆ, ಸಂಜೆ ಇಳಿಯುತ್ತೆ. ಸಂಧಿವಾತ. ಮೂರು ಸಲಾನೂ ನನಗೆ ಗೊತ್ತಿತ್ತು. ಗೊತ್ತಿದ್ದೂ… ಎಲ್ಲರ ಮುಂದೆ ನೀನೇ ತಪ್ಪಿದ್ದೀಯ ಅಂದೆ."

ಅವಳು ಎರಡೂ ಕೈ ಮುಂದೆ ಚಾಚಿದಳು. ಕೆಂಪಗೆ ಊದಿದ ಗೆಣ್ಣುಗಳು, ಅರ್ಧ ಮಡಚಿ ನಿಂತ ಬೆರಳುಗಳು.

ಅವನು ಆ ಬೆರಳುಗಳನ್ನು ಒಂದೊಂದಾಗಿ ನೋಡಿದ. ಮೊದಲು ಬಂದದ್ದು ಕೋಪ.

"ನಾಲ್ಕು ತಿಂಗಳು! ನನಗೇ ಏನೋ ಆಗಿದೆ ಅಂತ ಸತ್ತು ಸತ್ತು ಬದುಕಿದ್ದೀನಿ. ಒಂದು ಮಾತು ಹೇಳಬಾರದಿತ್ತಾ? ನಾನೇನು ಓಡಿಹೋಗ್ತಿದ್ನಾ?"

"ನೀನು ಮೊದಲು ಇಷ್ಟಪಟ್ಟಿದ್ದೇ ಈ ಕೈಗಳನ್ನ ಅಂದಿದ್ದೆ…"

ಅವನು ಬೀಗದ ಕೈ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ.

"ಕೇಳೋಕೆ ಚೆನ್ನಾಗಿರುತ್ತೆ ಅಂತ ಹೇಳಿದ ಮಾತು ಕಣೇ ಅದು…"

ಅವಳು ಒಂದು ಮೆಟ್ಟಿಲು ಕೆಳಗೆ ಕೂತಳು. ಮುಟ್ಟಲು ಧೈರ್ಯ ಬರಲಿಲ್ಲ.

"ಕ್ಷಮಿಸಿದ್ದೀನಿ ಅಂತ ಇವತ್ತೇ ಹೇಳೋಕಾಗಲ್ಲ ನನಗೆ," ಎಂದ ಅವನು ಕೊನೆಗೆ.

"ಹೇಳಬೇಡ. ನೀನು ಮೇಜಿನ ಮೇಲಿನ ಬಟ್ಟೆ ತೆಗೆದ್ರೆ ಸಾಕು. ನಾನು ಹೊರಡ್ತೀನಿ."

ಎದ್ದವಳ ಮಣಿಕಟ್ಟನ್ನು ಅವನು ಹಿಡಿದ. ಬೆರಳನ್ನಲ್ಲ, ಮಣಿಕಟ್ಟನ್ನು… ಗೆಣ್ಣಿಗೆ ತಾಗದಂತೆ.

"ಆ ಅಂಗಡಿ ಎಷ್ಟೊತ್ತಿಗೆ ತೆಗೀತಾರೆ?"

"ಯಾವ ಅಂಗಡಿ?"

"ಅದೇ… ನಿನ್ನ ವಾಷರಿನ ಅಂಗಡಿ."

* * *

ಫುಟ್‌ಬಾಲುಗಳೂ ಓಟದ ಬೂಟುಗಳೂ ತುಂಬಿದ್ದ ಅಂಗಡಿಯಲ್ಲಿ ಅವನು ಒಂದು ತಟ್ಟೆ ರಬ್ಬರಿನ ಉಂಗುರಗಳನ್ನು ಮುಂದಿಟ್ಟುಕೊಂಡು, ಒಂದೊಂದನ್ನೇ ಎಳೆದು, ಮಡಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಇದರ ಅಂಚು ಯಾರ್ರೀ ಉಜ್ಜಿದ್ದು? ಚರ್ಮಕ್ಕೆ ಒತ್ತುತ್ತೆ. ಇದು ಬೇಡ. ಇದು ಒಂದು ಸಲ ಹಿಗ್ಗಿದ್ರೆ ವಾಪಸ್ ಬರಲ್ಲ."

ಮಾರುವವಳು ಬೇಸತ್ತಳು. "ಸಾರ್, ದಿನಾ ಓಡೋರು, ಈಜೋರು ತಗೊಂಡು ಹೋಗ್ತಾರೆ. ಹೀಗೆ ಯಾರೂ ಹಿಂಸೆ ಕೊಡಲ್ಲ ಅದಕ್ಕೆ."

"ಅವರು ಹಾಕ್ಕೊಂಡು ಓಡ್ತಾರಮ್ಮ. ನಾವು ಹಾಕ್ಕೊಂಡು ಬದುಕ್ಬೇಕು."

ಕೊನೆಗೆ ಕಡುನೀಲಿ ಬಣ್ಣದ್ದೊಂದನ್ನು ಆರಿಸಿದ. ಒಳಮೈಯಲ್ಲಿ ಗಾಳಿಯಾಡಲು ಸಣ್ಣ ಗೀರುಗಳಿದ್ದವು. "ಯಾರೋ ಯೋಚನೆ ಮಾಡಿ ಮಾಡಿದ್ದಾರೆ ಇದನ್ನ," ಎಂದು ಒಪ್ಪಿಕೊಂಡ. ಅದನ್ನು ತನ್ನೆರಡು ಬೆರಳಿನಿಂದ ಅಗಲಿಸಿ ಹಿಡಿದು, ಊದಿದ ಗೆಣ್ಣು ದಾಟಿಸಿ ಬಿಟ್ಟ.

ನೋಯಲೇ ಇಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಏಯ್, ನೋವಾಯ್ತಾ?"

"ಇಲ್ಲ… ಅದಕ್ಕೇ."

ತನಗೂ ಅಂಥದ್ದೇ ಒಂದು ತೆಗೆದುಕೊಂಡ. ಬೀದಿಗೆ ಬಂದಾಗ ಇಬ್ಬರ ನಡುವೆ ಇನ್ನೂ ಒಂದು ಮೊಳದ ಅಂತರವಿತ್ತು.

"ಮುಂದೆ ಇವು ಸೊಟ್ಟಗಾದ್ರೆ?" ಎಂದಳು ಮೆಲ್ಲಗೆ.

"ನನಗೂ ಭಯಾನೇ. ಇಲ್ಲ ಅಂತ ಸುಳ್ಳು ಹೇಳಲ್ಲ. ನಮ್ಮಿಬ್ಬರಿಗೂ ಸುಳ್ಳು ಸಾಕು." ಸ್ವಲ್ಪ ದೂರ ನಡೆದು ಕೇಳಿದ, "ಬೆಳಗ್ಗೆ ನೋವು ಎಷ್ಟೊತ್ತಿಗೆ ಶುರುವಾಗುತ್ತೆ?"

"ನಾನು ಏಳೋಕಿಂತ ಮೊದಲೇ."

"ಹಾಗಾದ್ರೆ ಎಚ್ಚರ ಆದ ತಕ್ಷಣ ನನಗೆ ಫೋನ್ ಮಾಡು. ಮಾತಾಡಬೇಕು ಅಂತೇನಿಲ್ಲ. ಸುಮ್ನೆ ಹಿಡ್ಕೊಂಡಿರು, ನಾನು ಈ ಕಡೆ ಇರ್ತೀನಿ."

ಅವಳು ಕಣ್ಣೀರಿನಲ್ಲೇ ನಕ್ಕಳು. "ಫೋನ್ ಹಿಡ್ಕೊಳ್ಳೋಕೂ ಆಗಲ್ಲ ಅಳತೆರಾಯ, ಆ ಹೊತ್ತಲ್ಲಿ…"

ಅವನು ನಿಂತ. ಒಂದು ಮೊಳದ ಅಂತರವನ್ನು ಒಂದೇ ಹೆಜ್ಜೆಯಲ್ಲಿ ದಾಟಿದ.

"ಹಾಗಾದ್ರೆ ಬೇಗ ಮದುವೆ ಆಗ್ಬೇಕು."